ಹುಷಾರಿಲ್ಲದೆ ಇದ್ದದ್ದು ನನಗೆ

ಆ ಹೆಂಗಸನ್ನು ನಾನು ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಧುರೆ ದಾಟಿ ಸ್ವಲ್ಪ ಮುಂದೆ, ರಸ್ತೆ ಬದಿಯ ಹೊಂಗೆ ಮರದ ಕೆಳಗೆ, ಸೊಪ್ಪಿನ ಮೂಟೆಯನ್ನು ಕಾಲ ಬಳಿ ಇಟ್ಟುಕೊಂಡು ಕೈ ಅಡ್ಡ ಹಿಡಿದು ನಿಂತಿದ್ದಳು. ಚೆನ್ನಾಗಿಯೇ ಕಂಡಳು. ಅದು ನಮ್ಮ ಗಾಡಿ ನಿಲ್ಲುವ ಜಾಗ ಅನ್ನುವುದೂ ಗೊತ್ತಿತ್ತು. ಆದರೆ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ನಿಲ್ಲಿಸಬೇಕು ಅಂತ ಅನ್ನಿಸಲೇ ಇಲ್ಲ.

ಹಿಂದಿನಿಂದ ಕಂಡಕ್ಟರ್ ಜೋರಾಗಿ ವಿಶಲ್ ಊದಿದಾಗ ಗಾಡಿ ಆಗಲೇ ಸುಮಾರು ದೂರ ಬಂದಿತ್ತು. ನಿಲ್ಲಿಸಿ ಕನ್ನಡಿಯಲ್ಲಿ ನೋಡುತ್ತಾ ಕೂತೆ. ಆಕೆ ಮೂಟೆಯನ್ನು ಸೊಂಟಕ್ಕೇರಿಸಿಕೊಂಡು ಓಡಿ ಬಂದಳು. ಹತ್ತುವಾಗ ನನ್ನ ಕಡೆ ತಿರುಗಿ, "ಕಣ್ಣು ಕಾಣಲ್ವೇನಪ್ಪಾ ನಿಂಗೆ? ದಿನಾ ನಿಲ್ಸೋ ಜಾಗ ಅಲ್ವಾ ಇದು?" ಅಂದಳು. ನನಗೆ ಬೇಜಾರಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಗೇರ್ ಹಾಕಿ ಹೊರಟೆ.

ಇದು ಮೂರು ವರ್ಷದ ಹಿಂದಿನ ಮಾತು. ಆಗ ನನಗೆ ಐವತ್ತೊಂದು. ಬಸ್ಸು ಓಡಿಸಲು ಶುರು ಮಾಡಿ ಇಪ್ಪತ್ತೆರಡು ವರ್ಷ ಆಗಿತ್ತು. ದೊಡ್ಡಬಳ್ಳಾಪುರದಿಂದ ಮಧುರೆ ಮೇಲೆ ನೆಲಮಂಗಲಕ್ಕೆ ಹೋಗಿ ಬರುವ ಗಾಡಿ ನನ್ನದು. ಹುಟ್ಟಿದ್ದು ಮಧುರೆ ಹೋಬಳಿಯಲ್ಲೇ. ಊರಿನಲ್ಲಿರುವ ಹೊಲವನ್ನು ಅಣ್ಣ ನೋಡಿಕೊಳ್ಳುತ್ತಾನೆ, ಅವರೆಕಾಯಿ ಕಾಲದಲ್ಲಿ ಒಂದು ಚೀಲ ಅದೇ ಬಸ್ಸಿಗೆ ಹಾಕಿ ಕಳಿಸುತ್ತಾನೆ. ನಾನು ಮದುವೆಯಾದ ಮೇಲೆ ದೊಡ್ಡಬಳ್ಳಾಪುರದಲ್ಲೇ ಮನೆ ಮಾಡಿದೆ. ಹೆಂಡತಿ ನಮ್ಮ ಬೀದಿಯ ಹಿಂದಿನ ಬೀದಿಯಲ್ಲಿ ಅಂಗನವಾಡಿ ಟೀಚರ್. ಒಬ್ಬಳೇ ಮಗಳು, ಮದುವೆಯಾಗಿ ಹೊಸಕೋಟೆಯಲ್ಲಿದ್ದಾಳೆ.

ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ಆಗ ಆರು ವರ್ಷ. ಡಿಪೋದಲ್ಲಿ ವರ್ಷಕ್ಕೊಮ್ಮೆ ನಮ್ಮ ಕಣ್ಣು, ರಕ್ತ ಎಲ್ಲ ನೋಡುತ್ತಾರೆ. ಹಾಗೆ ನೋಡುವಾಗ ಸಿಕ್ಕಿತು. ಸಿಕ್ಕಾಗ ಅಂಥ ಗಾಬರಿಯೇನೂ ಆಗಲಿಲ್ಲ. ನಮ್ಮ ಡಿಪೋದಲ್ಲಿ ಶುಗರ್ ಇಲ್ಲದ ಡ್ರೈವರನ್ನು ಹುಡುಕಬೇಕು. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು ಮಾತ್ರೆ. ಅನ್ನ ಕಮ್ಮಿ ಮಾಡಿ ಮುದ್ದೆ ಜಾಸ್ತಿ ಮಾಡಿದೆ. ಕಾಫಿಗೆ ಸಕ್ಕರೆ ಬಿಟ್ಟೆ. ಯಾರೋ ಹಾಗಲಕಾಯಿ ರಸ ಅಂದರು, ಅದನ್ನೂ ಎರಡು ತಿಂಗಳು ಕುಡಿದೆ. ಎಲ್ಲ ನಡೆದುಕೊಂಡು ಹೋಗುತ್ತಿತ್ತು.

ಸುಸ್ತು ಯಾವಾಗ ಶುರುವಾಯಿತು ಅಂತ ಹೇಳುವುದು ಕಷ್ಟ. ಸುಸ್ತು ಅಂದರೆ ಜನ ನಿದ್ದೆ ಸಾಲದ್ದು ಅಂದುಕೊಳ್ಳುತ್ತಾರೆ. ನನಗೆ ನಿದ್ದೆ ಬರುತ್ತಿತ್ತು. ಎಂಟು ಗಂಟೆ ಮಲಗಿ ಎದ್ದರೂ ರಾತ್ರಿಯೆಲ್ಲ ಹೊಲ ಉತ್ತು ಬಂದವನ ಹಾಗೆ ಮೈ ಇರುತ್ತಿತ್ತು. ಬೆಳಿಗ್ಗೆ ಮಂಚದ ತುದಿಯಲ್ಲಿ ಕೂತು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿರುತ್ತಿದ್ದೆ. ಅಡಿಗೆಮನೆಯಿಂದ ಹೆಂಡತಿ ಕೂಗಿದರೆ ಹೂಂ ಅನ್ನುತ್ತಿದ್ದೆ. ಎರಡನೇ ಕಾಲಿಗೆ ಬಗ್ಗಬೇಕಲ್ಲ ಅನ್ನುವುದೇ ದೊಡ್ಡ ಕೆಲಸವಾಗಿ ಕಾಣುತ್ತಿತ್ತು.

ಗಾಡಿ ಹತ್ತಿದ ಮೇಲೆ ಮಾತ್ರ ಕೈಕಾಲು ತಾವೇ ಕೆಲಸ ಮಾಡುತ್ತಿದ್ದವು. ಇಪ್ಪತ್ತೆರಡು ವರ್ಷದ ಅಭ್ಯಾಸ. ಅದರಿಂದಲೇ ಏನೂ ಆಗಿಲ್ಲ ಅಂದುಕೊಂಡಿದ್ದೆ. ನೆಲಮಂಗಲದಲ್ಲಿ ಗಾಡಿ ನಿಂತಾಗ ಮೊದಲು ಎಲ್ಲರ ಜೊತೆ ಟೀ ಅಂಗಡಿ ಮುಂದೆ ನಿಂತು ಹರಟೆ ಹೊಡೆಯುತ್ತಿದ್ದವನು, ಆಮೇಲಾಮೇಲೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗತೊಡಗಿದೆ. ಮನೆಗೆ ಬಂದರೆ ಟಿವಿ ಹಾಕಿಕೊಂಡು ಕೂರುತ್ತಿದ್ದೆ, ಏನು ನೋಡಿದೆ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮಗಳು ಫೋನ್ ಮಾಡಿದರೆ ನಾಲ್ಕು ಮಾತಿಗೆ ಅಮ್ಮನ ಕೈಗೆ ಕೊಡುತ್ತಿದ್ದೆ. ಅಣ್ಣನ ಮೊಮ್ಮಗುವಿಗೆ ಹೆಸರಿಡುವ ದಿನ ಡ್ಯೂಟಿ ಇದೆ ಅಂತ ಹೇಳಿ ಹೋಗಲಿಲ್ಲ. ಡ್ಯೂಟಿ ಇರಲಿಲ್ಲ. ಬೆರಳಿಗೆ ಚುಚ್ಚಿ ಸಕ್ಕರೆ ನೋಡುವ ಮಿಷನ್ನನ್ನು ಮಗಳೇ ತಂದುಕೊಟ್ಟಿದ್ದಳು. ಅದು ಬೀರುವಿನ ಮೇಲೆ ದೂಳು ಹಿಡಿಯುತ್ತಿತ್ತು. ಜಾಸ್ತಿ ಇರಬಹುದು ಅನ್ನುವ ಭಯಕ್ಕೆ ಬಿಟ್ಟದ್ದಲ್ಲ. ನೋಡಿ ಏನಾಗಬೇಕು ಅನ್ನಿಸುತ್ತಿತ್ತು, ಅಷ್ಟೇ.

ನಮ್ಮಪ್ಪನಿಗೂ ಸಕ್ಕರೆ ಇತ್ತು. ಕೊನೆಕೊನೆಗೆ ಹೊಲಕ್ಕೆ ಹೋಗುವುದನ್ನು ಬಿಟ್ಟು ದಿನವಿಡೀ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದ. ಅಮ್ಮ ಬೈಯುತ್ತಿದ್ದಳು. ನಾವು ಮಕ್ಕಳೂ ಸೇರಿಕೊಂಡು, ಅಪ್ಪನಿಗೆ ಮೈ ಬಗ್ಗಲ್ಲ ಅಂತ ಆಡಿಕೊಳ್ಳುತ್ತಿದ್ದೆವು. ಅಪ್ಪ ವಾದ ಮಾಡುತ್ತಿರಲಿಲ್ಲ. ಒಂದು ಸಲ ಮಾತ್ರ ನನ್ನನ್ನು ಕರೆದು, "ನಂಗೆ ಆಗ್ತಿಲ್ಲ ಕಣೋ" ಅಂದಿದ್ದ. ಏನು ಆಗುತ್ತಿಲ್ಲ ಅಂತ ನಾನು ಕೇಳಲಿಲ್ಲ.

ಸೊಪ್ಪಿನ ಹೆಂಗಸನ್ನು ಬಿಟ್ಟು ಮುಂದೆ ಹೋದ ಆ ದಿನ ನೆಲಮಂಗಲದಲ್ಲಿ ಗಾಡಿ ನಿಂತ ಮೇಲೆ ಕಂಡಕ್ಟರ್ ನನ್ನ ಕಡೆಯ ಬಾಗಿಲಿಗೇ ಬಂದು ನಿಂತರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಎರಡು ವರ್ಷದಿಂದ ನನ್ನ ಗಾಡಿಯಲ್ಲೇ ಇದ್ದರು. ಜನರ ಹತ್ತಿರ ಗಟ್ಟಿಯಾಗಿ ಮಾತಾಡುತ್ತಿದ್ದರು, ನನ್ನ ಹತ್ತಿರ ಯಾವತ್ತೂ ದನಿ ಏರಿಸಿದವರಲ್ಲ.

"ಅಣ್ಣ, ಟೀ ಕುಡಿಯೋಣ ಬನ್ನಿ," ಅಂದರು.

"ನೀವು ಹೋಗ್ರಮ್ಮ. ನಾನು ಸ್ವಲ್ಪ ಒರಗ್ತೀನಿ."

"ಒರಗೋದು ಆಮೇಲೆ. ಇಳೀರಿ."

ಇಳಿದೆ. ಟೀ ಅಂಗಡಿಯ ಪಕ್ಕದಲ್ಲಿ ಜನ ಇಲ್ಲದ ಕಡೆ ನಿಂತುಕೊಂಡು ಕೇಳಿದರು: "ಆಯಮ್ಮ ನಿಮಗೆ ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ಗೊತ್ತಿಲ್ಲಮ್ಮ. ನಿಲ್ಲಿಸ್ಬೇಕು ಅನ್ನಿಸ್ಲಿಲ್ಲ."

ಸುಳ್ಳು ಹೇಳಿದ್ದರೆ, ಬಿಸಿಲು ಕಣ್ಣಿಗೆ ಹೊಡೆಯಿತು ಅಂದಿದ್ದರೆ, ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳು ಕಟ್ಟುವುದಕ್ಕೂ ಉತ್ಸಾಹ ಬೇಕು. ಅದೂ ಇರಲಿಲ್ಲ.

ಅವರು ಲೋಟ ಕೆಳಗಿಟ್ಟರು. "ಅಣ್ಣ, ಎರಡು ತಿಂಗಳಿಂದ ನೀವು ಹಾರನ್ ಹೊಡೆದಿಲ್ಲ, ಗೊತ್ತಾ? ದನ ಅಡ್ಡ ಬಂದ್ರೂ ನಿಧಾನ ಮಾಡ್ಕೊಂಡು ಸುಮ್ನೆ ಕಾಯ್ತೀರ. ಮೊದ್ಲು ಹಿಂಗಿರ್ಲಿಲ್ಲ ನೀವು. ಹೋಗ್ಲಿ, ವಯಸ್ಸಾಯ್ತು, ಶಾಂತ ಆದ್ರು ಅಂದ್ಕೊಂಡಿದ್ದೆ. ಇವತ್ತು ಬ್ರೇಕ್ ಹಾಕ್ಬೇಕು ಅನ್ನಿಸ್ಲಿಲ್ಲ ಅಂತೀರ. ನಾಳೆ ಗಾಡಿ ಮುಂದೆ ಮಗು ಬಂದ್ರೆ?"

ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಸಿಟ್ಟು. "ಇಪ್ಪತ್ತೆರಡು ವರ್ಷದಲ್ಲಿ ಒಂದು ಆ್ಯಕ್ಸಿಡೆಂಟ್ ಮಾಡಿಲ್ಲ ನಾನು," ಅಂದೆ.

"ಅದಕ್ಕೇ ಹೇಳ್ತಿರೋದು. ಡಾಕ್ಟರ ಹತ್ರ ತೋರಿಸ್ಕೊಳ್ಳಿ, ಅಲ್ಲೀವರೆಗೂ ರಜಾ ಹಾಕಿ. ಡಿಪೋದಲ್ಲಿ ನೀವು ಹೇಳ್ತೀರೋ, ನಾನು ಹೇಳ್ಲೋ?"

ವಾಪಸ್ ಬರುವಾಗ ಪ್ರತಿ ಸ್ಟಾಪಿನಲ್ಲೂ ಆಕೆ ಬಾಗಿಲಲ್ಲೇ ನಿಂತು ಮುಂಚಿತವಾಗಿಯೇ ವಿಶಲ್ ಊದುತ್ತಿದ್ದರು. ಯಾರೂ ಇಲ್ಲದ ಸ್ಟಾಪಿನಲ್ಲೂ ಊದಿದರು. ನಾನು ನಿಲ್ಲಿಸಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಬದಿಗಿಟ್ಟು ಪೂರ್ತಿ ಕೇಳಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ.

"ಆ ಹುಡುಗಿ ಒಳ್ಳೇದೇ ಮಾಡಿದ್ಲು. ನಾಳೆ ನಾನೂ ಬರ್ತೀನಿ," ಅಂದಳು, ಮತ್ತೆ ಮೊರ ತೊಡೆಯ ಮೇಲೆ ಇಟ್ಟುಕೊಂಡಳು.

ಡಿಪೋಗೆ ಶುಗರ್ ಜಾಸ್ತಿಯಾಗಿದೆ ಅಂತಷ್ಟೇ ಹೇಳಿ ರಜೆ ಹಾಕಿದೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನವರು. ರಕ್ತ ತೆಗೆಸಿ ಮೂರು ದಿನ ಬಿಟ್ಟು ಬರಲು ಹೇಳಿದರು. ಹೋದಾಗ ವರದಿ ನೋಡಿ, ಮೂರು ತಿಂಗಳ ಸರಾಸರಿ ಸಕ್ಕರೆ ಬಹಳ ಮೇಲಿದೆ ಅಂದರು. ಬಿ ಹನ್ನೆರಡು ಅನ್ನುವ ವಿಟಮಿನ್ ತೀರಾ ಕಮ್ಮಿಯಾಗಿದೆಯಂತೆ. ನಾನು ನುಂಗುತ್ತಿದ್ದ ಸಕ್ಕರೆ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಿಗೆ ಹಾಗಾಗುತ್ತದಂತೆ. ಮಾತ್ರೆ ನಿಲ್ಲಿಸಬಾರದು, ವಿಟಮಿನ್ನಿಗೆ ಇಂಜೆಕ್ಷನ್ ಬರೆದುಕೊಡುತ್ತೇನೆ, ಸುಸ್ತಿಗೆ ಇದೂ ಒಂದು ಕಾರಣ ಅಂದರು. ನನಗೆ ಸಮಾಧಾನವಾಯಿತು. ಇಂಜೆಕ್ಷನ್ನಿಗೆ ಹೋಗುವ ಕಾಯಿಲೆ ಅಂದರೆ ಮರ್ಯಾದೆಯ ಕಾಯಿಲೆ.

ಎದ್ದು ನಿಂತಿದ್ದೆ. ಆಗ ಅವರು, "ಕೂತ್ಕೊಳ್ಳಿ, ಇನ್ನೆರಡು ಪ್ರಶ್ನೆ ಇದೆ," ಅಂದರು. "ಈಚೆಗೆ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಅಂತ ಅನ್ನಿಸಿದ್ಯಾ? ಮನಸ್ಸು ಕುಗ್ಗಿದ ಹಾಗೆ ಇರುತ್ತಾ?"

"ಹಂಗೇನಿಲ್ಲ ಸಾರ್."

ಅವರು ಹೆಂಡತಿಯ ಕಡೆ ನೋಡಿದರು. ಅವಳು ನನ್ನ ಕಡೆ ನೋಡದೆ ಹೇಳಿದಳು: "ಇದೆ ಸಾರ್. ಹೋದ್ ವರ್ಷದ ದೀಪಾವಳಿಯಿಂದ್ಲೂ ಇದೆ. ಇವರು ನಕ್ಕಿದ್ದು ನಂಗೆ ನೆನಪಿಲ್ಲ. ಒಂದಿನ ಊಟಕ್ಕೆ ಉಪ್ಪೇ ಹಾಕಿರ್ಲಿಲ್ಲ ನಾನು, ಮರೆತುಬಿಟ್ಟಿದ್ದೆ. ಮಾತಾಡದೆ ಉಂಡು ಎದ್ರು."

ಉಪ್ಪಿಲ್ಲದ ಸಾರು ಉಂಡದ್ದು ನನಗೆ ನೆನಪಿರಲಿಲ್ಲ.

ಡಾಕ್ಟರು ಬೇಸರವಿಲ್ಲದೆ ವಿವರಿಸಿದರು. ಸಕ್ಕರೆ ಕಾಯಿಲೆ ಇರುವವರಲ್ಲಿ ಮನಸ್ಸು ಹೀಗೆ ಕುಗ್ಗುವುದು ಇದೆ. ಅದಾದಾಗ ಮಾತ್ರೆ, ಊಟ, ನಡಿಗೆ ಎಲ್ಲ ತಪ್ಪುತ್ತದೆ. ತಪ್ಪಿದಾಗ ಸಕ್ಕರೆ ಏರುತ್ತದೆ, ಏರಿದಾಗ ಸುಸ್ತು ಹೆಚ್ಚುತ್ತದೆ. ಒಂದನ್ನೇ ಹಿಡಿದುಕೊಂಡರೆ ಆಗುವುದಿಲ್ಲ, ಎರಡನ್ನೂ ನೋಡಬೇಕು. ಮಂಗಳವಾರ ಮನೋವೈದ್ಯರು ಬರುತ್ತಾರೆ, ಹನ್ನೆರಡನೇ ಕೊಠಡಿ, ತೋರಿಸಿ ಅಂತ ಚೀಟಿ ಬರೆದರು.

ಹೊರಗೆ ಬಂದು ಹೆಂಡತಿಗೆ ಹೇಳಿದೆ, "ನಂಗೇನು ಹುಚ್ಚಾ? ನಾನು ಬರಲ್ಲ."

"ಹುಚ್ಚು ಅಂತ ಯಾರು ಹೇಳಿದ್ರು? ಕಣ್ಣಿಗೆ ಕಣ್ಣಿನ ಡಾಕ್ಟ್ರು ಇಲ್ವಾ?" ಅಂದಳು. ಚೀಟಿಯನ್ನು ಅವಳೇ ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು.

ಮಂಗಳವಾರ ಹೋದೆವು. ಹನ್ನೆರಡನೇ ಕೊಠಡಿ ಕಾರಿಡಾರಿನ ಕೊನೆಯಲ್ಲಿತ್ತು. ಮುಂದೆ ಎರಡು ಬೆಂಚು. ಬೇರೆ ಕೊಠಡಿಗಳ ಮುಂದೆ ಜನ ಜಗಳವಾಡುತ್ತಾ, ಸರದಿ ತಪ್ಪಿಸುತ್ತಾ, ಪರಸ್ಪರ ಕಾಯಿಲೆ ವಿಚಾರಿಸಿಕೊಳ್ಳುತ್ತಾ ಇದ್ದರು. ನಮ್ಮ ಬೆಂಚಿನ ಮೇಲೆ ಕೂತವರು ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನಾನು ಗೋಡೆಗೆ ಅಂಟಿಸಿದ್ದ ಪೋಲಿಯೋ ಹನಿಯ ಚಿತ್ರ ನೋಡುತ್ತಾ ಕೂತೆ.

ಅಷ್ಟರಲ್ಲಿ ನಮ್ಮ ಡಿಪೋದ ಮೆಕ್ಯಾನಿಕ್ ಒಬ್ಬ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಆ ಕಡೆಯಿಂದ ಬಂದ. ಹದಿನೈದು ವರ್ಷದ ಪರಿಚಯ. ದೂರದಿಂದಲೇ, "ಏನ್ ಗುರು, ಇಲ್ಲಿ?" ಅಂದ. ಬಾಗಿಲ ಮೇಲಿನ ಬೋರ್ಡು ಓದಿದ. ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ದನಿ ತಗ್ಗಿಸಿ ಕೇಳಿದ: "ಯಾರಿಗೆ ಹುಷಾರಿಲ್ಲ?"

"ಹೆಂಡ್ತಿಗೆ," ಅಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಂದ ಬಂತು. ಬಂದ ಮೇಲೆ ವಾಪಸ್ ತೆಗೆದುಕೊಳ್ಳಬಹುದಿತ್ತು, ಅಷ್ಟು ಹೊತ್ತು ಅವನು ಅಲ್ಲೇ ನಿಂತಿದ್ದ. ತೆಗೆದುಕೊಳ್ಳಲಿಲ್ಲ.

ಅವನು ಹೆಂಡತಿಯ ಕಡೆ ತಿರುಗಿ, "ಏನಾಯ್ತು ಅತ್ತಿಗೆ?" ಅಂದ.

ಅವಳು ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ, "ನಿದ್ದೆ ಬರ್ತಿಲ್ಲ ಕಣಪ್ಪ, ಅದಕ್ಕೆ," ಅಂದಳು. ಮಡಿಲಿನಲ್ಲಿದ್ದ ಚೀಟಿಯ ಮೇಲೆ ಅಂಗೈ ಇಟ್ಟುಕೊಂಡಳು. ಅದರ ಮೇಲೆ ನನ್ನ ಹೆಸರಿತ್ತು.

ಮನೋವೈದ್ಯೆ ಐವತ್ತರ ಆಸುಪಾಸಿನ ಹೆಂಗಸು. ನಾನು ಏನೇನೋ ಕೇಳುತ್ತಾರೆ ಅಂದುಕೊಂಡಿದ್ದೆ. ಊಟ, ನಿದ್ದೆ, ಕೆಲಸ, ಅಪ್ಪ ಅಮ್ಮ ಇವನ್ನೇ ಕೇಳಿದರು. ಬದುಕುವುದು ಬೇಡ ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದರು. ಇಲ್ಲ ಅಂದೆ, ಅದು ನಿಜವೇ. ಬದುಕಬೇಕು ಅನ್ನಿಸುತ್ತಾ ಅಂತಲೂ ಕೇಳಿದರು. ಅದಕ್ಕೆ ಉತ್ತರ ಹೇಳಲು ತಡವಾಯಿತು. ಮಾತ್ರೆ ಬರೆದರು. ಎರಡು ಮೂರು ವಾರ ಏನೂ ಗೊತ್ತಾಗುವುದಿಲ್ಲ, ಬಾಯಿ ಒಣಗಬಹುದು, ಬಿಡಬೇಡಿ ಅಂದರು. ಇನ್ನೊಂದು ಹೇಳಿದರು: "ಮನಸ್ಸು ಬಂದ ಮೇಲೆ ಮಾಡ್ತೀನಿ ಅಂತ ಕಾಯ್ಬೇಡಿ. ದಿನಾ ಒಂದೇ ಹೊತ್ತಿಗೆ ಒಂದು ಸಣ್ಣ ಕೆಲಸ ಇಟ್ಕೊಳ್ಳಿ. ಮನಸ್ಸಿರಲಿ ಇಲ್ದೇ ಇರಲಿ, ಮಾಡಿ."

ಕೆರೆ ಏರಿಯ ಮೇಲೆ ನಡೆದು ಬರುವುದು ಅಂತ ಗೊತ್ತು ಮಾಡಿಕೊಂಡೆ. ಬೆಳಿಗ್ಗೆ ಆರೂವರೆಗೆ. ಮೊದಲ ವಾರ ಏರಿಯವರೆಗೆ ಹೋಗಿ ಕಲ್ಲಿನ ಮೇಲೆ ಕೂತು ವಾಪಸ್ ಬಂದೆ. ನಡೆದೆ ಅಂತ ಹೆಂಡತಿಗೆ ಹೇಳುತ್ತಿದ್ದೆ. ಎರಡನೇ ವಾರ ಅರ್ಧ ಏರಿ. ವಾರಕ್ಕೊಂದು ಇಂಜೆಕ್ಷನ್. ಹೆಂಡತಿ ಸಕ್ಕರೆ ಮಿಷನ್ನನ್ನು ಬೀರುವಿನ ಮೇಲಿನಿಂದ ಇಳಿಸಿ ಬಟ್ಟೆಯಲ್ಲಿ ಒರೆಸಿ ಊಟದ ಮೇಜಿನ ಮೇಲೆ ಇಟ್ಟಳು. ಐದನೇ ವಾರದ ಹೊತ್ತಿಗೆ ಒಂದು ಬೆಳಿಗ್ಗೆ ಎರಡೂ ಸಾಕ್ಸ್ ಹಾಕಿಕೊಂಡು ಎದ್ದು ನಿಂತ ಮೇಲೆ ಗೊತ್ತಾಯಿತು, ಮಧ್ಯದಲ್ಲಿ ನಾನು ಹಾಗೇ ಕೂತುಬಿಟ್ಟಿರಲಿಲ್ಲ. ಸಂತೋಷ ಅಂತ ಅದನ್ನು ಕರೆಯಲಾರೆ. ಒಂದು ಕೆಲಸ ತಾನಾಗಿ ಮುಗಿದಿತ್ತು.

ಅದೇ ಐದು ವಾರದಲ್ಲಿ ಹೆಂಡತಿಗೆ ಏನಾಗುತ್ತಿತ್ತು ಅನ್ನುವುದು ನನಗೆ ಗೊತ್ತಾಗಲಿಲ್ಲ. ಅವಳು ಹೇಳಲಿಲ್ಲ, ನಾನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಗೊತ್ತಾದದ್ದು ಅಂಗನವಾಡಿಯ ಸಹಾಯಕಿಯಿಂದ. ಅವರು ನನ್ನ ಹೆಂಡತಿಗಿಂತ ದೊಡ್ಡವರು, ಅಡಿಗೆ ಮಾಡಿ ಮಕ್ಕಳಿಗೆ ಬಡಿಸುವವರು. ಒಂದು ಮಧ್ಯಾಹ್ನ ಬೀಗದ ಕೈ ಕೊಡಲು ಮನೆಗೆ ಬಂದರು. ಹೆಂಡತಿ ಇನ್ನೂ ಬಂದಿರಲಿಲ್ಲ, ಮೇಲ್ವಿಚಾರಕಿಯನ್ನು ಕಾಣಲು ಹೋಗಿದ್ದಳಂತೆ.

"ಮೇಲ್ವಿಚಾರಕಿ ಯಾಕೆ ಕರೆಸಿದ್ರು?" ಅಂತ ಸುಮ್ಮನೆ ಕೇಳಿದೆ.

ಆಯಮ್ಮ ನನ್ನನ್ನೇ ನೋಡಿದರು. "ನಿಂಗೆ ಗೊತ್ತಿಲ್ವೇನಪ್ಪಾ? ಟೀಚರಮ್ಮನಿಗೆ ತಲೆ ಸರಿ ಇಲ್ಲ, ಹುಚ್ಚಿನ ಮಾತ್ರೆ ತಗೋತಾವ್ರೆ ಅಂತ ಬೀದಿಯಲ್ಲೆಲ್ಲ ಮಾತು. ನಾಲ್ಕು ಮಕ್ಕಳನ್ನ ಕಳಿಸೋದೇ ಬಿಟ್ಟವ್ರೆ. ಕಳಿಸೋರೂ ಬಾಗಿಲಲ್ಲಿ ನಿಂತು ಇಣುಕಿ ನೋಡ್ತಾರೆ. ಯಾರೋ ಮೇಲಕ್ಕೆ ಅರ್ಜಿ ಬರೆದವ್ರೆ. ಆಯಮ್ಮಂಗೇನಾಗಿದೆ? ನಾನು ದಿನಾ ಜೊತೇಲಿರೋಳು, ನಂಗೇನೂ ಕಾಣಲ್ಲ."

ಮೆಕ್ಯಾನಿಕ್ಕಿನ ನಾದಿನಿಯ ಮಗು ಅದೇ ಅಂಗನವಾಡಿಗೆ ಬರುತ್ತದೆ ಅನ್ನುವುದು ಆಗ ನೆನಪಾಯಿತು. ಅವನು ಕೆಟ್ಟ ಉದ್ದೇಶದಿಂದ ಹೇಳಿರಲಾರ. ಪಾಪ ಅಂತಲೇ ಹೇಳಿರಬೇಕು. ಅವನಿಂದ ಅವನ ಹೆಂಡತಿಗೆ, ಅವಳಿಂದ ತಂಗಿಗೆ, ತಂಗಿಯಿಂದ ಬೀದಿಗೆ.

ಹೆಂಡತಿ ಬರುವ ತನಕ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಬಂದಳು. ಚಪ್ಪಲಿ ಬಿಟ್ಟು ನನ್ನನ್ನು ದಾಟಿ ಒಳಗೆ ಹೋಗಿ ಕಾಲು ತೊಳೆದಳು. ನಾನು ಹಿಂದೆಯೇ ಹೋದೆ.

"ಮೇಲ್ವಿಚಾರಕಿ ಏನಂದ್ರು?"

"ಗೊತ್ತಾಯ್ತಾ?" ಅಂದಳು. "ಸರ್ಟಿಫಿಕೇಟ್ ತಗೊಂಡ್ಬಾ ಅಂದ್ರು. ನನ್ನ ಬುದ್ಧಿ ಸರಿ ಇದೆ ಅಂತ."

"ನನ್ನ ಹೆಸರು ಹೇಳ್ಬೇಕಿತ್ತು ನೀನು. ಇಷ್ಟು ದಿನ ಯಾಕೆ ಸುಮ್ನಿದ್ದೆ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೇಳಿದ್ರೆ ನೀವು ಮತ್ತೆ ಆ ಬೆಂಚಿನ ಮೇಲೆ ಬಂದು ಕೂರ್ತಿದ್ರಾ?"

ಕೂರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಇಪ್ಪತ್ತೇಳು ವರ್ಷ ಆ ಬೀದಿಯ ಮಕ್ಕಳಿಗೆ ಹಾಡು ಹೇಳಿಕೊಟ್ಟಿದ್ದಾಳೆ. ಅವಳ ಹತ್ತಿರ ಕಲಿತ ಮಕ್ಕಳೇ ಈಗ ತಮ್ಮ ಮಕ್ಕಳನ್ನು ತಂದು ಬಿಡುತ್ತಾರೆ. ಆ ಒಳ್ಳೆಯ ಹೆಸರನ್ನು ನಾನು ಒಂದೇ ಮಾತಿನಲ್ಲಿ ಕಳೆದಿದ್ದೆ. ಅವಳು ಅದನ್ನು ನನ್ನ ಐದು ವಾರದ ಮಾತ್ರೆಗೆ ಬಿಟ್ಟುಕೊಟ್ಟಿದ್ದಳು. ಅವಳ ಮುಂದೆ ಅಳು ಬಂತು. ಅದಕ್ಕೂ ಮೊದಲು ಅತ್ತದ್ದು ಯಾವಾಗ ಅಂತ ನೆನಪಿಲ್ಲ. ಅವಳು ಸಮಾಧಾನ ಮಾಡಲಿಲ್ಲ. ಒಲೆ ಹಚ್ಚಿ ಕಾಫಿಗೆ ಇಟ್ಟಳು.

"ಶುಕ್ರವಾರ ತಾಯಂದಿರ ಸಭೆ ಇದೆ ಅಲ್ವಾ? ನಾನು ಬರ್ತೀನಿ," ಅಂದೆ.

"ಬಂದು?"

"ಹೇಳ್ತೀನಿ."

"ಈಗ ಹಂಗಂತೀರ," ಅಂದಳು.

ಶುಕ್ರವಾರ ಬೆಳಿಗ್ಗೆ ಎದ್ದಾಗ ಮೈ ಮತ್ತೆ ಸೀಸದ ಹಾಗೆ ಭಾರವಾಗಿತ್ತು. ಸಕ್ಕರೆ ನೋಡಿದೆ, ಅದು ಸರಿಯಾಗಿಯೇ ಇತ್ತು. ಹೋಗದೆ ಇರುವುದಕ್ಕೆ ಹತ್ತು ಕಾರಣ ಹೊಳೆದವು. ಹನ್ನೊಂದು ಗಂಟೆಗೆ ಆಸ್ಪತ್ರೆಯ ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಒಂದು ಕೋಣೆಯ ಅಂಗನವಾಡಿ. ಗೋಡೆಯ ಮೇಲೆ ಅಕ್ಷರಮಾಲೆ, ತರಕಾರಿಗಳ ಚಿತ್ರ. ಚಾಪೆಯ ಮೇಲೆ ಹದಿನೆಂಟು ಇಪ್ಪತ್ತು ಹೆಂಗಸರು, ಕೆಲವರ ತೊಡೆಯ ಮೇಲೆ ಮಕ್ಕಳು. ಮೇಲ್ವಿಚಾರಕಿ ಕುರ್ಚಿಯಲ್ಲಿದ್ದರು. ನಾನು ಬಾಗಿಲಲ್ಲಿ ನಿಂತಾಗ ಎಲ್ಲರೂ ತಿರುಗಿ ನೋಡಿದರು. ಗಂಡಸರು ಅಲ್ಲಿಗೆ ಬರುವುದಿಲ್ಲ.

ಹೆಂಡತಿ ಮಕ್ಕಳ ತೂಕದ ವಿಷಯ ಹೇಳುತ್ತಿದ್ದಳು. ನಿಲ್ಲಿಸಿದಳು. ನಾನು ಬರುವುದಿಲ್ಲ ಅಂತಲೇ ಅಂದುಕೊಂಡಿದ್ದಳು ಅನ್ನುವುದು ಅವಳ ಮುಖದಲ್ಲಿ ಕಾಣುತ್ತಿತ್ತು.

ಮನೆಯಲ್ಲಿ ಒಂದಷ್ಟು ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ಯಾವುದೂ ಬರಲಿಲ್ಲ. "ನಾನು ಇವರ ಯಜಮಾನ," ಅಂದೆ. ಎಲ್ಲರಿಗೂ ಗೊತ್ತಿದ್ದ ವಿಷಯ. ಯಾರೋ ನಕ್ಕರು. "ಮಂಗಳವಾರ ಆಸ್ಪತ್ರೆಗೆ ಹೋಗೋನು ನಾನು. ಮಾತ್ರೆ ತಗೊಳ್ಳೋನೂ ನಾನೇ. ಇವರು ನನ್ನ ಜೊತೆ ಬಂದಿದ್ರು ಅಷ್ಟೇ. ಅಲ್ಲೊಬ್ಬರು ಯಾರಿಗೆ ಅಂತ ಕೇಳಿದಾಗ ನಂಗೆ ನಾಚ್ಕೆ ಆಯ್ತು. ಹೆಂಡ್ತಿಗೆ ಅಂದ್ಬಿಟ್ಟೆ. ಇದು ಚೀಟಿ, ಇದರಲ್ಲಿ ನನ್ನ ಹೆಸರಿದೆ. ಮಕ್ಕಳನ್ನ ಕಳಿಸಿ."

ಚೀಟಿಯನ್ನು ಮೇಲ್ವಿಚಾರಕಿಗೆ ಕೊಟ್ಟೆ. ಅವರು ಓದಿ, ಮಡಿಸಿ ಹಿಂದಕ್ಕೆ ಕೊಟ್ಟು, "ಸರಿ," ಅಂದರು. ಒಂದು ಮಗು ಅಳಲು ಶುರು ಮಾಡಿತು. ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿ ಕೇಳಿದರು: "ನಿಂಗೆ ಏನಾಗ್ತಿತ್ತಪ್ಪಾ?"

"ಸಕ್ಕರೆ ಕಾಯಿಲೆ ಇದೆ ಅಜ್ಜಿ. ಅದರ ಜೊತೆಗೆ ಸುಸ್ತು. ಏನೂ ಬೇಡ ಅನ್ಸೋದು. ಯಾರ ಹತ್ರಾನೂ ಮಾತು ಬೇಡ ಅನ್ಸೋದು."

"ಸಕ್ಕರೆ ಇರೋರಿಗೆಲ್ಲ ಹಂಗಾಗುತ್ತಾ?"

"ಎಲ್ಲರಿಗೂ ಆಗಲ್ವಂತೆ."

"ನಂಗೆ ಆಗುತ್ತೆ," ಅಂದರು ಅಜ್ಜಿ. ಪಕ್ಕದಲ್ಲಿದ್ದ ಸೊಸೆ, "ಅತ್ತೆ, ಸುಮ್ನಿರಿ," ಅಂದಳು.

ನಾನು ಹೊರಗೆ ಬಂದೆ. ನಾಲ್ಕರಲ್ಲಿ ಮೂರು ಮಕ್ಕಳು ಆ ಸೋಮವಾರದಿಂದ ಬಂದವು. ಒಂದು ಮಗು ಬರಲೇ ಇಲ್ಲ, ಅದನ್ನು ಆಗಲೇ ಖಾಸಗಿ ಶಾಲೆಗೆ ಸೇರಿಸಿದ್ದರು. ಸರ್ಟಿಫಿಕೇಟ್ ಕೇಳಿದ್ದನ್ನು ಮೇಲ್ವಿಚಾರಕಿ ಮತ್ತೆ ಎತ್ತಲಿಲ್ಲ. ಹೆಂಡತಿ ಆ ಸಭೆಯ ಬಗ್ಗೆ ಮನೆಯಲ್ಲಿ ಹೆಚ್ಚು ಮಾತಾಡಲಿಲ್ಲ. ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ, "ನಿಮ್ಮ ಷರ್ಟಿನ ಗುಂಡಿ ತಪ್ಪು ಹಾಕ್ಕೊಂಡು ಬಂದಿದ್ರಿ ಅವತ್ತು," ಅಂದಳು. ಇಬ್ಬರಿಗೂ ನಗು ಬಂತು. ಆದರೆ ಅವಳು ಅದನ್ನು ಪೂರ್ತಿ ಮರೆತಿದ್ದಾಳೆ ಅಂತ ನಾನು ಹೇಳಲಾರೆ. ಮೆಕ್ಯಾನಿಕ್ ಮನೆಗೆ ಬಂದರೆ ಈಗಲೂ ಅವಳು ಒಳಗಿನಿಂದಲೇ ಕಾಫಿ ಕಳಿಸುತ್ತಾಳೆ.

ಡಿಪೋದಲ್ಲೂ ನಿಜ ಹೇಳಿದೆ. ಅಷ್ಟು ಹೊತ್ತಿಗೆ ಹೇಳುವುದು ಅಭ್ಯಾಸವಾಗಿತ್ತು. ಮ್ಯಾನೇಜರು ಪೂರ್ತಿ ಕೇಳಿ, ಡಾಕ್ಟರ ಕಾಗದ ಬರುವವರೆಗೆ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ ಅಂತ ಹೇಳಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಗೆ ಹಾಕಿದರು. ನಾಲ್ಕು ತಿಂಗಳು ಮೈಕಿನಲ್ಲಿ ಬಸ್ಸುಗಳ ಹೆಸರು ಹೇಳಿದೆ. ಕೆಲವರು ಮರೆಯಲ್ಲಿ ಆಡಿಕೊಂಡರು. ಇಬ್ಬರು ಡ್ರೈವರುಗಳು, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ, ಬೇರೆ ಬೇರೆ ದಿನ ಬಂದು ಹನ್ನೆರಡನೇ ಕೊಠಡಿಗೆ ಚೀಟಿ ಎಲ್ಲಿ ಕೊಡುತ್ತಾರೆ ಅಂತ ಕೇಳಿದರು. ಕಂಡಕ್ಟರ್ ಹೆಣ್ಣುಮಗಳು ದಿನಾ ಕಿಟಕಿಯ ಹತ್ತಿರ ಬಂದು, "ಅಣ್ಣ, ತಿಂದ್ರಾ?" ಅಂತ ಕೇಳಿ ಹೋಗುತ್ತಿದ್ದರು. ಆಕೆಗೆ ಥ್ಯಾಂಕ್ಸ್ ಹೇಳಬೇಕು ಅಂತ ಬಹಳ ಸಲ ಅಂದುಕೊಂಡೆ. ಹೇಳುವ ಮುಂಚೆ ಆಕೆ ಮಾಗಡಿ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಫೋನ್ ನಂಬರು ಇದೆ. ಇನ್ನೂ ಮಾಡಿಲ್ಲ.

ಮತ್ತೆ ಪರೀಕ್ಷೆಯೆಲ್ಲ ಆಗಿ ಗಾಡಿ ಕೊಟ್ಟರು. ಹಳೆಯ ರೂಟ್ ಅಲ್ಲ. ಈಗ ದೊಡ್ಡಬಳ್ಳಾಪುರದಿಂದ ದೇವನಹಳ್ಳಿ, ಅಲ್ಲಿಂದ ಕುಂದಾಣ. ಮನಸ್ಸಿನ ಮಾತ್ರೆಯನ್ನು ಡಾಕ್ಟರಮ್ಮ ನಿಧಾನವಾಗಿ ಕಮ್ಮಿ ಮಾಡಿ ಹೋದ ವರ್ಷ ನಿಲ್ಲಿಸಿದರು. ಆರು ತಿಂಗಳಲ್ಲಿ ಮತ್ತೆ ಬೇಕಾಯಿತು, ಶುರು ಮಾಡಿದರು. ನನಗೆ ಅದರಿಂದ ಮೊದಲಿನ ಹಾಗೆ ನಾಚಿಕೆಯಾಗಲಿಲ್ಲ, ಬೇಸರವಾಯಿತು. ಸಕ್ಕರೆ ಒಂದು ಹದದಲ್ಲಿದೆ. ಕೆಲವು ತಿಂಗಳು ಏರುತ್ತದೆ.

ಸುಸ್ತು ಪೂರ್ತಿ ಹೋಗಿಲ್ಲ. ಹೋಗುತ್ತದೆ ಅಂತ ಯಾರೂ ಹೇಳಲೂ ಇಲ್ಲ. ತಿಂಗಳಲ್ಲಿ ಎರಡು ಮೂರು ದಿನ ಹಾಗೇ ಬರುತ್ತದೆ. ಬಂದದ್ದು ಈಗ ನನಗೆ ಬೇಗ ಗೊತ್ತಾಗುತ್ತದೆ. ಹೋದ ವಾರ ದೇವನಹಳ್ಳಿಗೆ ಬರುವಷ್ಟರಲ್ಲಿ ಗೊತ್ತಾಯಿತು. ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ ಬೆರಳು ಚುಚ್ಚಿ ನೋಡಿದೆ. ಸಕ್ಕರೆ ಇಳಿದಿರಲಿಲ್ಲ, ಇದು ಆ ಇನ್ನೊಂದು ಬಗೆಯದು. ಕಂಟ್ರೋಲರ್ ಹತ್ತಿರ ಹೋಗಿ, ಇವತ್ತು ನನ್ನ ಕೈಲಿ ಆಗುವುದಿಲ್ಲ ಅಂದೆ. ಅವರು ಗೊಣಗಿಕೊಂಡರು, ಆಮೇಲೆ ಬದಲಿ ಡ್ರೈವರನ್ನು ಕರೆಸಿದರು. ಪ್ರಯಾಣಿಕರು ಮುಕ್ಕಾಲು ಗಂಟೆ ಕಾದರು, ಕೆಲವರು ಬೈದರು.

ನಾನು ವಾಪಸ್ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರಗಳು, ಅರ್ಧ ಕಟ್ಟಿದ ಲೇಔಟಿನ ಕಲ್ಲುಗಳು, ಅಲ್ಲಲ್ಲಿ ರಾಗಿ. ಪಕ್ಕದಲ್ಲಿ ಕೂತಿದ್ದವರು ಆವತಿಯವರಂತೆ, ಮಗಳ ಮನೆಗೆ ಹೋಗುತ್ತಿದ್ದರು. ಮಾತಾಡಿಸಿದರು. ನಾನೂ ಎರಡು ಮಾತಾಡಿದೆ. ಮನೆಗೆ ಬಂದು ಮುದ್ದೆ ಉಂಡು ಮಲಗಿದೆ. ಮೂರೂವರೆಗೆ ಎದ್ದೆ, ಮೈ ಇನ್ನೂ ಭಾರವಿತ್ತು. ಮುಖ ತೊಳೆದುಕೊಂಡು ಹೆಂಡತಿಯನ್ನು ಕರೆದುಕೊಂಡು ಬರಲು ಅಂಗನವಾಡಿಯ ಕಡೆ ನಡೆದೆ.